ನಾನು ಕಾರಿನ ಹೊಗೆ ಶುದ್ಧ ಮಾಡಿಸಿದ್ದು

ಡಾಕ್ಟರು ಆ ಪ್ರಶ್ನೆಯನ್ನು ನನ್ನ ಹೆಂಡತಿಯ ಎದುರಿಗೇ ಕೇಳಬಾರದಿತ್ತು. ನನ್ನ ಗ್ರಹಚಾರ ಶುರುವಾದದ್ದೇ ಅಲ್ಲಿಂದ.

ಸಾಂತಾಕ್ರೂಜ್‌ನ ನಮ್ಮ ಬಿಲ್ಡಿಂಗಿನ ಎದುರಿಗೇ ಅವರ ದವಾಖಾನೆ. ರಮಾಮಣಿಗೆ ಎರಡು ತಿಂಗಳಿಂದ ಉಬ್ಬಸ. ಮಲಗಿದರೆ ಎದೆಯಲ್ಲಿ ಕೊಳಲು, ಎದ್ದರೆ ಹಾರ್ಮೋನಿಯಂ. ಡಾಕ್ಟರು ಬೆನ್ನಿಗೆ ಕೊಳವೆ ಇಟ್ಟು ಕೇಳಿ, "ಇವರಿಗೆ ಹೊಗೆ ಆಗೋದಿಲ್ಲ. ಮನೇಲಿ ಯಾರಾದ್ರೂ ಸಿಗರೇಟು ಸೇದ್ತೀರಾ?" ಎಂದರು.

"ಛೆ ಛೆ! ಇವರು ಅಡಿಕೆ ಚೂರು ಕೂಡ ಹಾಕೋದಿಲ್ಲ," ಎಂದಳು ರಮಾಮಣಿ, ಹೆಮ್ಮೆಯಿಂದ.

ನಾನು ತಲೆ ಎತ್ತಿ ಫ್ಯಾನನ್ನು ನೋಡಿದೆ. (ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ಬೆಳಿಗ್ಗೆ ಬಾತ್‌ರೂಮಿನ ಕಿಟಕಿಯಲ್ಲಿ ಒಂದು, ಮೇಲೆ ಒಂದು ಊದುಬತ್ತಿ. ಬೈಕುಲ್ಲಾದ ಆಫೀಸಿಗೆ ಹೋಗುವಾಗ ಕಾರಿನಲ್ಲಿ ಇನ್ನೆರಡು. ಮದುವೆಯಾಗಿ ಹನ್ನೊಂದು ವರ್ಷವಾದರೂ ಈ ರಾಜ್ಯ ರಹಸ್ಯ ಹೊರಬಿದ್ದಿರಲಿಲ್ಲ.)

"ನಮ್ಮ ಕಾರು ಇದೆಯಲ್ಲ, ಡಾಕ್ಟರ್!" ಎಂದೆ ಅವಸರದಿಂದ. "ಹದಿನೆಂಟು ವರ್ಷದ್ದು. ಭಯಂಕರ ಹೊಗೆ."

"ಹೌದು, ಸೀಟಿಗೆಲ್ಲ ಅದರದ್ದೇ ವಾಸನೆ," ಎಂದಳು ರಮಾಮಣಿ.

ಹೀಗೆ ಪಾಪದ ಕಾರು ಆರೋಪಿಯಾಯಿತು. ಆದರೆ ಮನೆಗೆ ಬಂದ ಮೇಲೆ ನನಗೆ ನಿದ್ದೆಯಿಲ್ಲ. ಅವಳ ಎದೆ ಸುಂಯ್ ಎಂದಾಗಲೆಲ್ಲ ನನ್ನ ಎದೆ ಧಸಕ್ ಎನ್ನುತ್ತಿತ್ತು. ಇವಳಿಗೆ ಏನಾದರೂ ಆಗಿಬಿಟ್ಟರೆ ಎಂಬ ಭಯ ಒಂದು. ನಿಜ ಗೊತ್ತಾದರೆ ನನಗೆ ಏನಾಗುತ್ತದೆ ಎಂಬ ಭಯ ಇನ್ನೊಂದು. ಸಿಗರೇಟು ಬಿಟ್ಟರೆ ಎರಡೂ ಭಯ ಹೋಗುತ್ತಿದ್ದವು. ಆದರೆ ಭಯವಾದಾಗ ನನಗೆ ಸಿಗರೇಟು ಬೇಕು!

ಆ ವಾರವೇ ಆಫೀಸಿನಲ್ಲಿ ಒಂದು ಪತ್ರಿಕೆ ಕೈಗೆ ಸಿಕ್ಕಿತು. ವಿದೇಶದ ಕಾರುಗಳಿಗೆ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಡಬ್ಬಿ ಇರುತ್ತದಂತೆ. ಓದಿ ಮುಗಿಸುವಷ್ಟರಲ್ಲಿ ನಾನು ವಿಜ್ಞಾನಿಯಾಗಿದ್ದೆ. ಸಂಜೆ ಕಾಫಿ ಹೊತ್ತಿಗೆ ಉಪನ್ಯಾಸ ಆರಂಭಿಸಿದೆ.

"ನೋಡು, ಒಳಗೆ ಜೇನುಗೂಡಿನ ಹಾಗೆ ಸಾವಿರಾರು ತೂತು. ತೂತಿಗೆಲ್ಲ ಪ್ಲಾಟಿನಮ್ ಲೇಪ."

"ಪ್ಲಾಟಿನಮ್ಮೇ? ಕಾರಿಗೆ? ನನ್ನ ಕಿವಿಗೆ ಹನ್ನೊಂದು ವರ್ಷದಿಂದ ಅದೇ ಓಲೆ!"

"ಕೇಳು. ಇಂಜಿನ್ನಿನಿಂದ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷ ಬರುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ, ಆದರೆ ಯಮ. ಅದು ಈ ತೂತುಗಳಲ್ಲಿ ಹಾದಾಗ ಆಮ್ಲಜನಕದ ಜೊತೆ ಸೇರಿ, ನಾವು ಉಸಿರು ಬಿಡ್ತೀವಲ್ಲ, ಅದೇ ಸಾಧು ಗಾಳಿ ಆಗುತ್ತೆ. ಅರೆಬೆಂದ ಪೆಟ್ರೋಲಿನ ಆವಿಯೂ ಅಲ್ಲೇ ಪೂರ್ತಿ ಸುಟ್ಟು ನೀರಾವಿ ಆಗುತ್ತೆ. ಇದಕ್ಕೆ ವೇಗವರ್ಧಕ ಅಂತ ಹೆಸರು."

"ಅಯ್ಯೋ, ವೇಗ ಹೆಚ್ಚೋದು ಬೇಡ. ಈಗ ಹೋಗೋದೇ ನನಗೆ ಭಯ."

"ವೇಗ ಕಾರಿಗಲ್ಲ ಕಣೇ! ಆ ಪ್ಲಾಟಿನಮ್ ತಾನು ಏನೂ ಬದಲಾಗೋದಿಲ್ಲ. ಸುಮ್ಮನೆ ಅಲ್ಲಿದ್ದುಕೊಂಡು ಬೇರೆಯವರು ಬದಲಾಗೋ ಹಾಗೆ ಮಾಡುತ್ತೆ."

"ಗೊತ್ತಾಯ್ತು," ಎಂದಳು. "ನೀವು ಈಸಿಚೇರಿನಲ್ಲಿ ಕೂತು ಮನೆ ಕೆಲಸ ಮಾಡಿಸ್ತೀರಲ್ಲ, ಹಾಗೆ."

ಧಾರಾವಿಯ ಮುಖ್ಯರಸ್ತೆಗೆ ಹೊಂದಿಕೊಂಡಂತೆ ಪೂವಪ್ಪನ ಗ್ಯಾರೇಜು. ಉಡುಪಿ ಕಡೆಯವನು, ಹಡಗು ಬಿಟ್ಟು ಮಿಕ್ಕ ಯಾವ ವಾಹನದ ಅಂಗವಾದರೂ ಅವನ ಗುಜರಿಯಲ್ಲಿ ಸಿಗುತ್ತಿತ್ತು. ಈ ಡಬ್ಬಿಯೂ ಸಿಕ್ಕಿಯೇ ಬಿಟ್ಟಿತು! ಗುಜರಿಗೆ ಬಂದ ಯಾವುದೋ ಫಾರಿನ್ ಕಾರಿನ ಹೊಟ್ಟೆಯಿಂದ ತೆಗೆದದ್ದು. ಚಪ್ಪಟೆಯಾದ ಟಿಫಿನ್ ಕ್ಯಾರಿಯರ್‌ನಂತಿತ್ತು.

ಪೂವಪ್ಪ ತಲೆ ಕೆರೆದುಕೊಂಡ. "ಹಾಕಿ ಕೊಡ್ಲಿಕ್ಕೆ ಆಗ್ತದೆ ಸಾರ್. ಆದ್ರೆ ಇದಕ್ಕೆ ಸೀಸ ಇಲ್ಲದ ಪೆಟ್ರೋಲ್ ಬೇಕು. ನಮ್ಮ ಬೊಂಬಾಯಿ ಪೆಟ್ರೋಲಿನಲ್ಲಿ ಸೀಸ ಉಂಟು. ಆ ಸೀಸ ಪ್ಲಾಟಿನಮ್ಮಿನ ಮೇಲೆ ಕೂತ್ರೆ ಮತ್ತೆ ಇದು ಖಾಲಿ ಡಬ್ಬ. ಬಿಸಿಯೂ ಸಿಕ್ಕಾಪಟ್ಟೆ ಆಗ್ತದೆ. ತೂತು ಕಟ್ಟಿದ್ರೆ ಹೊಗೆ ಎಲ್ಲಿಗೆ ಹೋಗ್ಬೇಕು ಮಾರಾಯ್ರೆ?"

"ನೀನು ಹಾಕು," ಎಂದೆ. ನನಗೆ ಬೇಕಾಗಿದ್ದದ್ದು ಉಪದೇಶವಲ್ಲ. ರಮಾಮಣಿಗೆ ತೋರಿಸಲು ಒಂದು ಡಬ್ಬಿ.

ಮೂರು ವಾರ ಕಳೆಯಿತು. ಮಾತುಂಗಾದಲ್ಲಿ ರಮಾಮಣಿಯ ತಂಗಿ ವಿಮಲಾಳ ಮಗುವಿಗೆ ನಾಮಕರಣ. ಅದಕ್ಕೆಂದೇ ಮೈಸೂರಿನಿಂದ ಬಂದಿದ್ದ ನನ್ನ ಅತ್ತೆ ಸುಬ್ಬಲಕ್ಷ್ಮಮ್ಮನವರು ಹಿಂದಿನ ಸೀಟಿನಲ್ಲಿ ಬೆಳ್ಳಿ ಬಟ್ಟಲು ಹಿಡಿದು ಕುಳಿತರು. ಅವರ ಕಿವಿ ಸ್ವಲ್ಪ ಮಂದ. ಮುಂದೆ ರಮಾಮಣಿ. ಬೆಳಗಿನ ಹತ್ತು ಗಂಟೆಗೆ ಧಾರಾವಿಯ ರಸ್ತೆಯಲ್ಲಿ ಟ್ರಾಫಿಕ್ ಗಪ್ಪೆಂದು ನಿಂತಿತು. ಎಡಕ್ಕೆ ಬಸ್ಸು, ಬಲಕ್ಕೆ ಚರ್ಮದ ಮೂಟೆ ಹೇರಿದ ಕೈಗಾಡಿ, ಮುಂದೆ ಟ್ಯಾಕ್ಸಿ.

ಆಗ ಬಂತು ಒಂದು ವಾಸನೆ. ಕೊಳೆತ ಮೊಟ್ಟೆಯದು.

"ಇದೇನ್ರೀ ಇದು?" ರಮಾಮಣಿ ಸೆರಗು ಮೂಗಿಗೆ ಒತ್ತಿಕೊಂಡಳು.

"ಚರ್ಮದ ಮೂಟೆ ಇರಬೇಕು," ಎಂದೆ. ಆದರೆ ಮೆಲ್ಲಗೆ ಬಗ್ಗಿ ಮೂಸಿ ನೋಡಿದೆ. ವಾಸನೆ ಬರುತ್ತಿದ್ದದ್ದು ನಮ್ಮ ಕಾಲ ಕೆಳಗಿನಿಂದ.

"ಅಳಿಯಂದ್ರೆ, ನೆಲ ಬೆಚ್ಚಗಾಗಿದೆ," ಎಂದರು ಅತ್ತೆ. "ಮಂಡಿ ನೋವಿಗೆ ಹಿತವಾಗಿದೆ."

ಒಂದು ನಿಮಿಷದ ನಂತರ ಅವರೇ, "ಈಗ ಅಷ್ಟು ಹಿತವಾಗಿಲ್ಲ," ಎಂದು ಎರಡೂ ಕಾಲುಗಳನ್ನು ಸೀಟಿನ ಮೇಲೆ ತೆಗೆದುಕೊಂಡರು. ನಾರಿನ ಮ್ಯಾಟು ಸಣ್ಣಗೆ ಹೊಗೆಯಾಡತೊಡಗಿತು. ಕೈಗಾಡಿಯವನು ಬಗ್ಗಿ ನೋಡಿ ಕೂಗಿದ: "ಅರೇ ಸಾಬ್, ನೀಚೇ ಡಬ್ಬಾ ಲಾಲ್ ಹೋ ಗಯಾ!"

ಡಬ್ಬಿ ಕೆಂಪಾಗಿದೆ! ಇಂಜಿನ್ ಎರಡು ಸಲ ಬಿಕ್ಕಳಿಸಿ ನಿಂತುಹೋಯಿತು. ನನಗೆ ಪೂವಪ್ಪನ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ತೂತು ಕಟ್ಟಿದೆ. ಹೊಗೆಗೆ ದಾರಿಯಿಲ್ಲ. ಹಾಗಾದರೆ ಆ ವಾಸನೆಯಿಲ್ಲದ ಯಮ ಎಲ್ಲಿಗೆ ಬಂದಿದ್ದಾನೆ? ಒಳಗೆ, ನಮ್ಮ ಹತ್ತಿರಕ್ಕೆ! ಮೊಟ್ಟೆಯ ವಾಸನೆ ಮೂಗಿಗೆ ಬಡಿದಾಗ ಭಯವಾಯಿತು; ಗಾಳಿ ಬೀಸಿ ಅದು ಕಡಿಮೆಯಾದಾಗ ಇನ್ನೂ ಭಯವಾಯಿತು.

ಅಷ್ಟರಲ್ಲಿ ರಮಾಮಣಿ ಎದೆ ಹಿಡಿದುಕೊಂಡಳು. ಸುಂಯ್ ಸುಂಯ್. ತುಟಿ ಬಿಳುಚಿಕೊಂಡಿತು. ಮಾತನಾಡಲು ಹೋದಳು, ಆಗಲಿಲ್ಲ. ಅವಳ ಕಣ್ಣುಗಳಲ್ಲಿ ನಾನು ಎಂದೂ ಕಾಣದ ಹೆದರಿಕೆ ಕಂಡಿತು.

"ರಮಾ, ನನ್ನನ್ನು ಕ್ಷಮಿಸಿಬಿಡು!" ಎಂದು ಅತ್ತೆ. (ಹಿಂದೆ ಕುಳಿತ ಅತ್ತೆಯಲ್ಲ, ನಾನೇ ಅತ್ತದ್ದು.) "ನಿನ್ನ ಉಬ್ಬಸಕ್ಕೆ ಕಾರಿನ ಹೊಗೆ ಕಾರಣ ಅಲ್ಲ. ನಾನು! ದಿನಾ ಬಾತ್‌ರೂಮಿನಲ್ಲಿ ಸಿಗರೇಟು ಸೇದ್ತೀನಿ. ಕಾರಿನಲ್ಲೂ ಸೇದ್ತೀನಿ. ಪೂವಪ್ಪ ಬೇಡ ಅಂದ್ರೂ ಈ ಡಬ್ಬಿ ಹಾಕಿಸಿದೆ. ಬುಧವಾರ ಬುಧವಾರ ಇರಾನಿ ಹೋಟೆಲಿನಲ್ಲಿ ಆಮ್ಲೆಟ್ ಕೂಡ ತಿಂತೀನಿ!"

ಕೊನೆಯದನ್ನು ಯಾರೂ ಕೇಳಿರಲಿಲ್ಲ. ಆದರೆ ಸಾಯುವವನು ಲೆಕ್ಕ ಬಾಕಿ ಇಡಬಾರದಲ್ಲ!

"ಏನಂತೆ?" ಎಂದರು ಅತ್ತೆ. "ಆಮ್ಲಜನಕ ಬೇಕಂತೆಯಾ? ಪಾಪ, ಅವರಿಗೂ ಉಸಿರು ಕಟ್ಟಿತೇನೋ."

ರಮಾಮಣಿ ನನ್ನನ್ನು ಒಂದು ಕ್ಷಣ ದಿಟ್ಟಿಸಿದಳು. ಆಮೇಲೆ ಒಂದು ಕೆಲಸ ಮಾಡಿದಳು. ಬಾಗಿಲು ತೆಗೆದು ಕೆಳಗಿಳಿದಳು! ಹಿಂದಿನ ಬಾಗಿಲು ತೆಗೆದು ತಾಯಿಯನ್ನೂ ಇಳಿಸಿದಳು. ಕಾರಿಗೆ ಬಾಗಿಲುಗಳಿರುತ್ತವೆ ಎಂಬುದು ನನಗೆ ಆ ಹೊತ್ತಿನಲ್ಲಿ ಹೊಳೆದೇ ಇರಲಿಲ್ಲ.

ಬಸ್ಸಿನ ಜನ ಕಿಟಕಿಯಿಂದ ಇಣುಕಿದರು. ಕೈಗಾಡಿಯವನು ಹತ್ತಿರದಲ್ಲೇ ಇದ್ದ ಗ್ಯಾರೇಜಿಗೆ ಓಡಿಹೋಗಿ ಪೂವಪ್ಪನನ್ನು ಕರೆತಂದ. ಅವನು ಮೊದಲು ಮ್ಯಾಟನ್ನು ಎಳೆದು ಬಿಸಾಡಿದ, ಆಮೇಲೆ ಒಳಗೆ ಕೈ ಹಾಕಿ ನೋಡಿದ.

"ಎಂತ ಸಾರ್ ಇದು, ಚೋಕ್ ಎಳೆದೇ ಇಟ್ಟಿದ್ದೀರಿ! ಬೆಳಿಗ್ಗೆ ಸ್ಟಾರ್ಟ್ ಆದ ಮೇಲೆ ಒಳಗೆ ತಳ್ಳೋದಲ್ವಾ? ಅದು ಎಳೆದಿದ್ರೆ ಇಂಜಿನ್ನಿಗೆ ಪೆಟ್ರೋಲು ಜಾಸ್ತಿ ಹೋಗ್ತದೆ; ಇಲ್ಲಿವರೆಗೂ ಆ ಹಸಿ ಪೆಟ್ರೋಲು ಡಬ್ಬದೊಳಗೆ ಹೋಗಿ ಉರಿದಿದೆ. ಜೇನುಗೂಡು ಕರಗಿ ಮುದ್ದೆ ಆಗಿರ್ಬೇಕು."

"ವಿಷಗಾಳಿ? ಒಳಗೆ ಬಂದಿತ್ತಾ?" ಎಂದೆ.

"ನಾಲ್ಕು ಕಿಟಕಿಯೂ ತೆರೆದುಂಟು ಸಾರ್. ಸುಟ್ಟದ್ದು ಮ್ಯಾಟು ಮಾತ್ರ."

ರಸ್ತೆ ಬದಿಯ ಚಹಾ ಅಂಗಡಿಯ ಬೆಂಚಿನ ಮೇಲೆ, ಉಬ್ಬಸಕ್ಕೆಂದು ಡಾಕ್ಟರು ಕೊಟ್ಟಿದ್ದ ಪಂಪಿನ ಮದ್ದನ್ನು ಬಾಯಿಂದ ಎಳೆದುಕೊಂಡು ರಮಾಮಣಿ ಸುಧಾರಿಸಿಕೊಂಡಿದ್ದಳು. ಮುಖಕ್ಕೆ ಬಣ್ಣ ಮರಳಿತ್ತು. ಮಾತು ಕೂಡ ಮರಳಿತ್ತು.

"ಪೂವಪ್ಪನವರೇ, ಇಂಥದ್ದೇ ಇನ್ನೊಂದು ಡಬ್ಬಿ ಇದೆಯಾ?"

"ಯಾಕಮ್ಮ? ಕಾರಿಗೆ ಇದು ಬೇಡವೇ ಬೇಡ."

"ಕಾರಿಗಲ್ಲ. ಇವರ ಬಾಯಿಗೆ."

ತಾಯಿ ಮಗಳು ಟ್ಯಾಕ್ಸಿ ಹತ್ತಿ ನಾಮಕರಣಕ್ಕೆ ಹೋದರು. ನಾನು ಪೂವಪ್ಪನ ಜೊತೆ ಕಾರು ತಳ್ಳಿದೆ. ನಾನು ಮಾತುಂಗಾ ಮುಟ್ಟುವಾಗ ಊಟದ ಕೊನೆಯ ಪಂಕ್ತಿಯೂ ಎದ್ದಿತ್ತು. ವಿಮಲಾ ನನ್ನನ್ನು ಕಂಡವಳೇ ಮಗುವನ್ನೆತ್ತಿಕೊಂಡು ಒಳಗೆ ಹೋದಳು. ಸುದ್ದಿ ನನಗಿಂತ ಮೊದಲೇ ತಲುಪಿತ್ತು.

ಸಂಜೆ ರಮಾಮಣಿ ಕೈ ಚಾಚಿದಳು. ನಾನು ಪೊಟ್ಟಣ ಒಪ್ಪಿಸಿದೆ. ಅವಳು ಬೈಯಲಿಲ್ಲ. "ನಾನು ಸತ್ತುಹೋಗ್ತೀನಿ ಅಂತ ಅನ್ನಿಸಿದಾಗ ಮಾತ್ರ ನಿಜ ಹೇಳಿದ್ರಿ," ಎಂದಳು ಮೆಲ್ಲಗೆ. ಬೈದಿದ್ದರೆ ಚೆನ್ನಾಗಿತ್ತು. ಆ ರಾತ್ರಿಯಿಂದ ಬಿಟ್ಟೆ. ದೇವರಾಣೆ, ಬಿಟ್ಟೆ.

ಆದರೆ ನನ್ನ ಆಣೆಗೆ ಮನೆಯಲ್ಲಿ ಈಗ ಬೆಲೆಯಿಲ್ಲ. ಶನಿವಾರ ಮೈಸೂರಿಗೆ ಹೊರಡಬೇಕಾಗಿದ್ದ ಅತ್ತೆಯವರ ಟಿಕೆಟ್ಟು ರದ್ದಾಯಿತು. "ಅಮ್ಮನಿಗೆ ಕಿವಿ ಮಂದ, ಮೂಗಲ್ಲ," ಎಂದಳು ರಮಾಮಣಿ. ಅಂದಿನಿಂದ ದಿನವೂ ಸಂಜೆ ಹೊಸ್ತಿಲಲ್ಲಿ ತಪಾಸಣೆ. ಪಾಸಾದರೆ ಮಾತ್ರ ಒಳಗೆ ಕಾಫಿ.

ಮೊದಲ ದಿನ ಲಿಫ್ಟ್ ಕೆಟ್ಟಿತ್ತು. ಆಫೀಸ್ ಬ್ಯಾಗು ಹೊತ್ತು ನಾಲ್ಕು ಮಹಡಿ ಹತ್ತಿ ಬಾಗಿಲಲ್ಲಿ ನಿಂತೆ.

"ಊದಿ, ಅಳಿಯಂದ್ರೆ," ಎಂದು ಅತ್ತೆ ಮುಖ ಮುಂದೆ ತಂದರು.

ಊದಲು ಉಸಿರೆಲ್ಲಿ? ಬಾಯಿ ತೆರೆದೆ, ಗಾಳಿ ಒಳಗೆ ಹೋಯಿತೇ ಹೊರತು ಹೊರಗೆ ಬರಲಿಲ್ಲ. ಎರಡನೆಯ ಸಲ ಪ್ರಯತ್ನಿಸಿದೆ. ಬಂದದ್ದು ಒಂದು ಕೀರಲು ದನಿ ಮಾತ್ರ.

"ರಮಾ, ಬೇಗ ಬಾರೇ!" ಎಂದು ಅತ್ತೆ ಇಡೀ ಬಿಲ್ಡಿಂಗಿಗೆ ಕೇಳುವಂತೆ ಕೂಗಿದರು. "ಉಸಿರು ಬಿಗಿ ಹಿಡಿದಿದಾರೆ ಕಣೇ! ಒಳಗೆ ಏನೋ ಇಟ್ಟುಕೊಂಡಿದಾರೆ!"

ಎದುರು ಮನೆಯ ನೀಲಾಬಾಯಿ ಬಾಗಿಲು ತೆರೆದು ನೋಡಿದರು. ಅಡುಗೆಮನೆಯಿಂದ ಬಂದ ರಮಾಮಣಿ ಗೋಡೆಗೆ ಒರಗಿ ನಕ್ಕಳು. ಒಂದು ಸಲವೂ ಕೆಮ್ಮದೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನಾನು ಹೊಸ್ತಿಲಾಚೆ ಚಪ್ಪಲಿಗಳ ನಡುವೆ ನಿಂತು, ಏದುಸಿರು ಬಿಡುತ್ತಾ, ಅವಳ ನಗು ಮುಗಿಯಲೆಂದು ಕಾದೆ.