ಸಮುದ್ರಕ್ಕೆ ಹೋಗಿ ಕಾಶಿಯಲ್ಲಿ ಬಿಟ್ಟು ಬಂದದ್ದು

ಆ ದ್ವೀಪಕ್ಕೆ ನಮ್ಮ ನವನಗರದಿಂದ ಒಬ್ಬರೂ ಹೋಗದಂತೆ ನೋಡಿಕೊಂಡವನು ನಾನು. ದ್ವೀಪದ ಹೆಸರು ಹೇಳುವುದಿಲ್ಲ. ನೀಲಿ ನೀರು, ಬಿಳಿ ಮರಳು, ನೀರಿನ ಮೇಲೆಯೇ ಕಟ್ಟಿದ ಕೋಣೆಗಳು ಎಂದರೆ ನಿಮಗೆ ತಿಳಿಯುತ್ತದೆ. ಅಲ್ಲಿಯವರು ಯಾರೋ ನಮ್ಮ ದೇಶದ ಬಗ್ಗೆ ಏನೋ ಅಂದರೆಂದು ಫೋನಿನಲ್ಲಿ ಬಂತು. ಮರುದಿನ ಬೆಳಿಗ್ಗೆ, ವಾಯುವಿಹಾರ ಸಂಘದ ಅಧ್ಯಕ್ಷನಾದ ನಾನು ಉದ್ಯಾನದ ಸಿಮೆಂಟ್ ಬೆಂಚಿನ ಮೇಲೆ ನಿಂತು, ಹನ್ನೊಂದು ಸದಸ್ಯರಿಂದ ಬಲಗೈ ಚಾಚಿಸಿ ಪ್ರತಿಜ್ಞೆ ಮಾಡಿಸಿದೆ. ಅವರಲ್ಲಿ ಒಂಬತ್ತು ಮಂದಿ ಗೋವಾ ದಾಟಿದವರಲ್ಲ. ಆದರೂ ತ್ಯಾಗ ತ್ಯಾಗವೇ!

ನಿಜವಾದ ತ್ಯಾಗ ಮಾಡಿದವಳು ನನ್ನ ಹೆಂಡತಿ ಸುಧಾ. ಅದೂ ಅವಳನ್ನು ಕೇಳದೆ. ಕನ್ನಡ ಸಾಲಿಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ನಕಾಶೆಯ ಮೇಲೆ ಸಮುದ್ರ ತೋರಿಸಿದವಳು. ಎದೆಯುದ್ದದ ನೀರಿನಲ್ಲಿ ನಿಂತರೂ ಕಾಲ್ಬೆರಳು ಕಾಣುವಂಥ ಸಮುದ್ರವನ್ನು ಒಮ್ಮೆ ನೋಡಬೇಕೆಂದು ಅವಳ ಆಸೆ. ಅವಳ ನಿವೃತ್ತಿಗೆಂದು ತೆಗೆದಿಟ್ಟಿದ್ದ ಟಿಕೆಟ್ಟುಗಳನ್ನು ನಾನು ಬೆಂಚಿನಿಂದ ಇಳಿದವನೇ ರದ್ದು ಮಾಡಿ, ಅದರ ಚಿತ್ರವನ್ನು ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದೆ. ಹನ್ನೊಂದು ಜೊತೆ ಕೈಗಳು ಮುಗಿದವು. ಸುಧಾ ಏನೂ ಅನ್ನಲಿಲ್ಲ. ಸಂಸಾರಸ್ಥರಿಗೆ ಗೊತ್ತು, ಅದು ಒಳ್ಳೆಯ ಲಕ್ಷಣವಲ್ಲ.

ಎರಡು ವರ್ಷ ಕಳೆಯಿತು. ಆ ದ್ವೀಪಕ್ಕೆ ವಿಮಾನಗಳು ಮತ್ತೆ ತುಂಬಿ ಹಾರತೊಡಗಿದವು. ಏಕೆಂದು ತಿಳಿದವರು ಪೇಪರಿನಲ್ಲಿ ಬರೆದರು: ದೇಶದೇಶಗಳ ನಡುವೆ ಮಾತುಕತೆಯಾಗಿದೆಯಂತೆ, ದರ ಇಳಿದಿದೆಯಂತೆ, ಇನ್ನೂ ಏನೇನೋ. ಸುಧಾ ಆ ಪುಟವನ್ನು ನನ್ನ ಚಹಾದ ಬಸಿಯ ಕೆಳಗೆ ಇಟ್ಟಳು.

"ಪ್ರತಿಜ್ಞಾ ಮಾಡೇನಲ್ಲ?" ಅಂದೆ.

"ನೀವು ಮಾಡೀರಿ. ನಾ ಎಲ್ಲಿ ಮಾಡೇನಿ?"

"ಜನಾ ಏನಂದಾರು?"

"ಹಂಗಾರ ನೀವು ಜನರ ಕೂಡನ ಇರ್ರಿ. ನಾ ಒಬ್ಬಾಕೀನ ಹೋಗ್ತೇನಿ."

ಹೆಂಡತಿಯನ್ನು ಒಬ್ಬಳೇ ಕಳಿಸಿದರೆ ಮಾನ ಹೋಗುತ್ತದೆ. ಜೊತೆಗೆ ಹೋದರೂ ಹೋಗುತ್ತದೆ. ಪಕ್ಕದ ಮನೆಯ ಪಾಟೀಲರು ಸಂಘದ ಕಾರ್ಯದರ್ಶಿ. ನನ್ನ ಅಧ್ಯಕ್ಷ ಸ್ಥಾನದ ಮೇಲೆ ಕಣ್ಣಿಟ್ಟು ಕೂತವರು. ಮೂರು ದಿನ ಯೋಚಿಸಿ ಒಂದು ಉಪಾಯ ಹುಡುಕಿದೆ. ಕಾಶಿಗೆ ಹೊರಟಿದ್ದೇವೆ ಎಂದುಬಿಡುವುದು!

"ಸುಳ್ಳು ಹೇಳಾಕ ದೇವರ ಹೆಸರ ಬೇಕಾತೇನ್ರಿ?" ಎಂದಳು ಸುಧಾ.

"ದೇವರು ಕ್ಷಮಾ ಮಾಡ್ತಾನ. ಪಾಟೀಲ ಮಾಡೂದಿಲ್ಲ."

ಇಲ್ಲಿಂದ ನನ್ನ ಲೆಕ್ಕ ತಪ್ಪಿತು. ಗೋವಾಕ್ಕಾದರೆ ಬಾಗಿಲಿಗೆ ಕೀಲಿ ಜಡಿದು ಸುಮ್ಮನೆ ಹೋಗಬಹುದು. ಕಾಶಿಯೆಂದರೆ ಓಣಿಗೆ ಓಣಿಯೇ ಎದ್ದು ಬರುತ್ತದೆ. ಪಾಟೀಲರ ಹೆಂಡತಿ ಶಾಂತಕ್ಕ ಸುಧಾಳ ಉಡಿ ತುಂಬಿದರು. ಪೂಜೆ ಮಾಡಿಸಲು ಎಂಟು ಹೆಸರಿನ ಚೀಟಿ ಕೊಟ್ಟರು. "ಗಂಗಾಜಲ ಮರೀಬ್ಯಾಡ್ರಿ ಅಣ್ಣಾರ, ನಮ್ಮ ಅತ್ತಿ ಹಾಸಿಗಿ ಹಿಡದಾಳ, ಅದನ್ನ ನೆನಸಾಕತ್ತಾಳ" ಎಂದರು. ನನಗಿಂತ ಹಿರಿಯರು ಕೂಡ ನನ್ನ ಕಾಲಿಗೆ ಬಿದ್ದರು. ಪಾಟೀಲರು ವಿಮಾನ ನಿಲ್ದಾಣದವರೆಗೂ ಬಂದು ಹಾರ ಹಾಕಿ ಫೋಟೋ ತೆಗೆದರು. ಕೊರಳಲ್ಲಿ ಚೆಂಡುಹೂವಿನ ಹಾರ, ಪೆಟ್ಟಿಗೆಯಲ್ಲಿ ಎರಡು ಬಣ್ಣಬಣ್ಣದ ಚಡ್ಡಿ!

ಗಂಗಾಜಲದ ವ್ಯವಸ್ಥೆಯನ್ನು ನಾನು ಹಿಂದಿನ ದಿನವೇ ಮಾಡಿ ಮುಗಿಸಿದ್ದೆ. ಹುಬ್ಬಳ್ಳಿಯ ದುರ್ಗದಬೈಲಿನ ಪೂಜಾ ಸಾಮಾನಿನ ಅಂಗಡಿಯಲ್ಲಿ ಬಾಯಿಗೆ ಬೆಸುಗೆ ಹಾಕಿದ ತಾಮ್ರದ ಗಿಂಡಿಗಳು ಸಿಗುತ್ತವೆ. ಅದರೊಳಗಿನ ಗಂಗೆ ಸುಳ್ಳಲ್ಲ, ತಂದ ದಾರಿ ಮಾತ್ರ ಸ್ವಲ್ಪ ಬೇರೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ದ್ವೀಪದಲ್ಲಿ ನನಗೆ ಸಮುದ್ರ ಕಾಣಲೇ ಇಲ್ಲ. ನನ್ನ ಕಣ್ಣೆಲ್ಲ ಜನರ ಮೇಲೆ. ಎಲ್ಲಿ ನೋಡಿದರೂ ನಮ್ಮವರೇ! ಮೊದಲ ದಿನವೇ ಹಿಂದಿನಿಂದ "ಏ ಪಾರೂ, ಭಾಳ ಮುಂದ ಹೋಗಬ್ಯಾಡ!" ಎಂಬ ಕೂಗು ಕೇಳಿತು. ತಕ್ಷಣ ಮರಳಿನಲ್ಲಿ ಅಂಗಾತ ಮಲಗಿ, ಕಣ್ಣು ಮೂಗು ಬಿಟ್ಟು ಮುಖವನ್ನೆಲ್ಲ ಟವೆಲ್ಲಿನಿಂದ ಮುಚ್ಚಿಕೊಂಡೆ. ಅವರು ಗದಗಿನವರು, ನನಗೆ ಪರಿಚಯವೂ ಇಲ್ಲ. ಅದು ತಿಳಿಯುವಷ್ಟರಲ್ಲಿ ಎರಡು ತಾಸಾಗಿತ್ತು. ಟವೆಲ್ಲು ಮುಚ್ಚದೆ ಬಿಟ್ಟ ಮೂಗು ಬದನೆಕಾಯಿಯಂತೆ ಸುಟ್ಟಿತ್ತು.

ಸುಧಾ ಮಾತ್ರ ಸೀರೆಯಲ್ಲೇ ನೀರಿಗಿಳಿದು ಎದೆಯುದ್ದದ ನೀರಿನಲ್ಲಿ ನಿಂತಿದ್ದಳು. ಅಲ್ಲಿಂದಲೇ ಕೂಗಿದಳು. "ಕಾಲು ಕಾಣತಾವ್ರಿ! ಹತ್ತೂ ಬೆರಳು ಕಾಣತಾವ!" ಇಷ್ಟು ಸಣ್ಣ ಸಂತೋಷವನ್ನು ಒಂದು ಬೆಂಚು ಹತ್ತಿ ಕಸಿದುಕೊಂಡಿದ್ದೆನಲ್ಲ ಎಂದು ಆಗ ನನಗೆ ನಿಜವಾಗಿ ನಾಚಿಕೆಯಾಯಿತು. ಆದರೂ ಟವೆಲ್ಲು ತೆಗೆಯಲಿಲ್ಲ.

ಊರಿಗೆ ಮರಳಿದ ಸಂಜೆ ಮನೆ ತುಂಬ ಜನ. ಶಾಂತಕ್ಕ ಗಿಂಡಿಯನ್ನು ಕಣ್ಣಿಗೊತ್ತಿಕೊಂಡು, "ಮೂಗು ಯಾಕ ಸುಟ್ಟೈತ್ರಿ ಅಣ್ಣಾರ?" ಎಂದರು.

"ಗಂಗಾ ಆರತಿ. ಭಾಳ ಸಮೀಪ ನಿಂತಿದ್ವಿ."

ಎಲ್ಲರೂ ಕೈಮುಗಿದರು. ಗೆದ್ದೆ ಅಂದುಕೊಂಡೆ. ಆಗ ಪಾಟೀಲರು ಕೇಳಿದರು. "ಮತ್ತ, ಏನ್ ಬಿಟ್ಟು ಬಂದ್ರಿ?"

ಕಾಶಿಗೆ ಹೋದವರು ತಮಗೆ ಇಷ್ಟವಾದ ತಿನಿಸೊಂದನ್ನು ಅಲ್ಲಿಯೇ ಬಿಟ್ಟು ಬರಬೇಕು, ಸಾಯುವವರೆಗೆ ಮತ್ತೆ ತಿನ್ನಬಾರದು. ಈ ಪದ್ಧತಿ ನನಗೆ ಮರೆತೇಹೋಗಿತ್ತು! ಹೇಗೂ ತಿನ್ನದ ಹಾಗಲಕಾಯಿಯ ಹೆಸರು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಡಿಗೆಮನೆಯ ಬಾಗಿಲಿನಿಂದ ಸುಧಾಳ ದನಿ ಬಂತು.

"ಇವರು ಮಿರ್ಚಿ ಭಜಿ ಬಿಟ್ಟಾರ್ರಿ."

ಹುಬ್ಬಳ್ಳಿ-ಧಾರವಾಡದಲ್ಲಿ ಇದ್ದುಕೊಂಡು ಮಿರ್ಚಿ ಬಿಡುವುದೆಂದರೆ ಸನ್ಯಾಸಕ್ಕಿಂತ ಒಂದು ಮೆಟ್ಟಿಲು ಮೇಲೆ. ಪಾಟೀಲರ ಕಣ್ಣಲ್ಲಿ ನೀರು ಬಂತು. "ಮತ್ತ ನೀವೇನ್ ಬಿಟ್ರಿ ವೈನಿ?" ಎಂದರು.

"ನಾ ಸಿಟ್ಟು ಬಿಟ್ಟೇನ್ರಿ" ಎಂದಳು ಸುಧಾ, ಚಹಾ ಕೊಡುತ್ತ.

ಜನ ಹೋದ ಮೇಲೆ ಅವಳ ಮೇಲೆ ಹರಿಹಾಯ್ದೆ. "ನನ್ನ ಒಂದ ಮಾತ್ ಕೇಳಬಾರದಾಗಿತ್ತಾ?"

"ನನ್ನ ಸಮುದ್ರ ಬಿಡಸೂ ಮುಂದ ನೀವು ಕೇಳಿದ್ರೇನು?"



ಒಂದು ತಿಂಗಳು ನಾನು ಕಾಶಿಯ ಕಥೆ ಹೇಳಿಯೇ ಬೇಸತ್ತೆ. ನೋಡದ ಘಟ್ಟಗಳ ಮೆಟ್ಟಿಲು ಎಷ್ಟೆಂದು ಹೇಳಬೇಕು? ಒಂದು ಸಂಜೆ ಸಂಘದವರೆಲ್ಲ ಭಜಿ ಅಂಗಡಿಯಲ್ಲಿ ಸೇರಿದ್ದೆವು. ಬಿಸಿ ಮಿರ್ಚಿ ಬಂತು. ನನ್ನ ಮುಂದೆ ಬರೀ ಚುರಮುರಿ. ಆಗ ಪಾಟೀಲರು, "ಮುಂದಿನ ವಾರ ನಾವೂ ಹೊಂಟೇವ್ರಿ" ಎಂದು ಫೋನು ತೋರಿಸಿದರು. ನೀಲಿ ನೀರು, ಬಿಳಿ ಮರಳು!

"ಪ್ರತಿಜ್ಞಾ?" ಎಂದೆ.

"ಯಾವ ಪ್ರತಿಜ್ಞಾ? ಓ, ಅದಾ! ಅದು ಹಳೇದಾತ್ ಬಿಡ್ರಿ. ಸಮುದ್ರದ ಮ್ಯಾಲೆ ಎಷ್ಟ ದಿನಾ ಅಂತ ಸಿಟ್ಟ ಮಾಡೂದು?"

ವಿಮಾನಗಳು ಮತ್ತೆ ಏಕೆ ತುಂಬಿದವೆಂದು ಪೇಪರಿನವರು ಪುಟಗಟ್ಟಲೆ ಬರೆದದ್ದು ಇಷ್ಟೇ ನೋಡಿ. ವಿಚಾರಿಸಿದರೆ, ಹನ್ನೊಂದರಲ್ಲಿ ನಾಲ್ಕು ಮಂದಿ ಆಗಲೇ ಹೋಗಿ ಬಂದಿದ್ದರು. ಯಾರೂ ಮುಚ್ಚಿಟ್ಟಿರಲಿಲ್ಲ. ಯಾರೂ ಕೇಳಿರಲೂ ಇಲ್ಲ. ಒಬ್ಬರ ಮಾನವೂ ಹೋಗಿರಲಿಲ್ಲ.

ಸುಳ್ಳು ಹೊತ್ತು ಹೊತ್ತು ದಣಿದಿದ್ದ ನಾನು ಎದ್ದು ನಿಂತೆ. "ನಾನೂ ಅಲ್ಲೇ ಹೋಗಿದ್ನ್ರೆಪಾ! ಕಾಶಿ ನೋಡೇ ಇಲ್ಲ. ಗಂಗಾಜಲ ದುರ್ಗದಬೈಲಿಂದು. ಒಂದು ಮಿರ್ಚಿ ಈ ಕಡೆ ಕೊಡ್ರಿ!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಾಟೀಲರು ನನ್ನ ಹೆಗಲ ಮೇಲೆ ಕೈಯಿಟ್ಟರು. "ಮಿರ್ಚಿ ಆಸೇಕ ಎಂಥಾ ಸುಳ್ಳು ಹೇಳಾಕತ್ತೀರಿ ಅಧ್ಯಕ್ಷರ! ನೀವು ತಂದ ಗಂಗಾಜಲ ಕುಡದು ನಮ್ಮ ಅವ್ವ ಎದ್ದು ಅಡ್ಡಾಡಾಕತ್ತಾಳ. ನಿಮ್ಮ ವ್ರತಾ ಕೆಡಸಿದ್ರ ಆ ಪಾಪ ನಮಗ ಹತ್ತತೈತಿ."

ಹೀಗೆಂದು ಭಜಿಯ ತಟ್ಟೆಯನ್ನು ಭಯಭಕ್ತಿಯಿಂದ ನನ್ನ ಕೈಗೆ ಸಿಗದಷ್ಟು ದೂರ ಸರಿಸಿದರು. ನಾನು ಮಾಡಿಸಿದ ಪ್ರತಿಜ್ಞೆ ಒಬ್ಬರಿಗೂ ನೆನಪಿಲ್ಲ. ನಾನು ಮಾಡದೇ ಇದ್ದ ಪ್ರತಿಜ್ಞೆಯನ್ನು ಇಡೀ ನವನಗರ ಕಾಯುತ್ತಿದೆ. ಚುರಮುರಿ ಮುಗಿಸಿ ಮನೆಗೆ ಬಂದೆ.