ಗೊಂಬೆಯ ಬಲಗೈ

"ಇವತ್ತು ಸಾಯಂಕಾಲ ಬರ್ತೀನಿ. ನನ್ನೆದುರಿಗೇ ಶೂಟಿಂಗ್ ಶುರುವಾಗ್ಬೇಕು. ಇಲ್ಲಾಂದ್ರೆ ನನ್ನ ಹಾಡನ್ನ ಬೇರೆಯವ್ರಿಗೆ ಕೊಡ್ತೀನಿ" ಎಂದು ಹಾಡುಗಾರ್ತಿ ಫೋನಿಟ್ಟಳು. ಗೊಂಬೆಯಣ್ಣ ತಿರುಗಿ ಮೇಜಿನ ಕಡೆ ನೋಡಿದ.

ಗೊಂಬೆಯಣ್ಣ ಅನ್ನುವುದು ಓಣಿಯವರು ಇಟ್ಟ ಹೆಸರು. ಅವನ ಕಸುಬು ಸ್ಟಾಪ್ ಮೋಷನ್. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೋ, ಮತ್ತಷ್ಟು ಸರಿಸಿ ಇನ್ನೊಂದು. ಎಲ್ಲವನ್ನೂ ಸರಸರ ಓಡಿಸಿದರೆ ಹಾಡಿಗೆ ತಕ್ಕ ಹಾಗೆ ಗೊಂಬೆ ಕುಣಿಯುತ್ತದೆ. ಸರಿಸುವವಳು ಹೆಂಡತಿ, ಫೋಟೋ ಹೊಡೆಯುವವನು ಇವನು. ಈ ಹಾಡು ಅರ್ಧ ಮುಗಿದಿತ್ತು, ಅವಳಿಗೆ ಎದೆನೋವು ಬಂತು. ಆಸ್ಪತ್ರೆಗೆ ಹೋದವಳು ಮನೆಗೆ ಬರಲಿಲ್ಲ.

ಮೇಜಿನ ಮೇಲೆ ಗೊಂಬೆ ಮಾತ್ರ ಬಲಗೈ ಎತ್ತಿಕೊಂಡು, ಹೋಗಿ ಬರ್ತೀನಿ ಅನ್ನುವ ಹಾಗೆ ಕೂತಿತ್ತು. ಅವಳ ಬೆರಳು ಕೊನೆಗೆ ಮುಟ್ಟಿದ್ದು ಅದನ್ನೇ. ಅಂದಿನಿಂದ ಅವನು ಅದರ ಧೂಳನ್ನೂ ಊದಿರಲಿಲ್ಲ. ಗಾಳಿಗೆ ಅಲ್ಲಾಡೀತೆಂದು ಕಿಟಕಿ ತೆರೆಯದೆ ಇಡೀ ಬೇಸಿಗೆ ಬೆವರಿನಲ್ಲಿ ಬೆಂದಿದ್ದ. ಈಗ ಅದನ್ನು ಸರಿಸುವುದೆಂದರೆ ಅವಳನ್ನು ಇನ್ನೊಮ್ಮೆ ಕಳುಹಿಸಿಕೊಟ್ಟಂತೆ. ಇದನ್ನು ಯಾರಿಗೆ ಹೇಳುವುದು? ಕೇಳಿದವರು ನಕ್ಕಾರು. ಹಾಗಾಗಿ ನೆಪ ಹುಡುಕಿದ.

"ದೀಪ ಸುಟ್ಟು ಹೋಗಿದೆ" ಎಂದು ಹಾಡುಗಾರ್ತಿಗೆ ಫೋನ್ ಮಾಡಿದ. ಅವಳು ಕೆಳಗಿನ ಮನೆಯ ಓನರಮ್ಮನಿಗೆ ಮಾಡಿದಳು. ಓನರಮ್ಮ ತಮ್ಮ ಬಚ್ಚಲಿನ ಬಲ್ಬು ಬಿಚ್ಚಿಕೊಂಡೇ ಮೇಲೆ ಬಂದರು.

"ಬಲ್ಬು ಸರಿ, ಕ್ಯಾಮೆರಾ ಬ್ಯಾಟರಿ ಸತ್ತಿದೆಯಲ್ಲ" ಎಂದ.

ಓನರಮ್ಮ ಅವನ ಭಾವಮೈದನನ್ನು, ತೀರಿಕೊಂಡವಳ ತಮ್ಮನನ್ನು, ಕರೆಸಿದರು. ಉಪಕಾರಕ್ಕೆ ಹುಟ್ಟಿದ ಪ್ರಾಣಿ ಅದು. ಬ್ಯಾಟರಿಯೂ ಬಂತು, ಮೊಳೆ ಸುತ್ತಿಗೆಯೂ ಬಂದವು.

"ಮೇಜು ಅಲ್ಲಾಡುತ್ತೆ ಕಣೋ" ಎಂದ ಗೊಂಬೆಯಣ್ಣ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದು ಓನರಮ್ಮ ಗೊಣಗಿದರು. ಭಾವಮೈದ ಮೇಜಿನ ಕಾಲಿಗೆ ರಟ್ಟು ತುರುಕಿದ. ಗೊಂಬೆಯಣ್ಣ ಒಳಗೆ ಹೋಗಿ, ಚೆನ್ನಾಗಿದ್ದ ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದ. "ಬಾಗಿಲಿಗೆ ಸಿಕ್ಕಿ ಜಜ್ಜಿಹೋಯ್ತು."

"ಅಷ್ಟೇನಾ ಭಾವ? ನೀವು ಫೋಟೋ ಹೊಡೀರಿ, ನಾನು ಸರಿಸ್ತೀನಿ" ಎಂದು ಭಾವಮೈದ ಗೊಂಬೆಗೆ ಕೈ ಚಾಚಿದ.

"ಮುಟ್ಬೇಡ!" ಎಂದು ಕಿರುಚಿ ಗೊಂಬೆಯಣ್ಣ ಅವನ ಕಾಲಿಗೆ ಜೋತುಬಿದ್ದ. ಇಬ್ಬರೂ ನೆಲಕ್ಕುರುಳಿದರು. ಹಾಡುಗಾರ್ತಿ ಬಾಗಿಲಲ್ಲಿ ಕಾಣಿಸಿಕೊಂಡದ್ದು ಆಗಲೇ.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಕೂತಲ್ಲೇ ಎಲ್ಲ ಹೇಳಿದ. "ಅವಳು ಎತ್ತಿಟ್ಟು ಹೋದ ಕೈ ಅದು. ನಾನು ಹೇಗೆ ಇಳಿಸ್ಲಿ?" ಎಂದು ಮಕ್ಕಳ ಹಾಗೆ ಅತ್ತ.

ಹಾಡುಗಾರ್ತಿಯ ಕೋಪ ಇಳಿಯಿತು. "ಫೋಟೋದಲ್ಲಿ ಇದ್ದೇ ಇರುತ್ತಲ್ಲ ಅಣ್ಣ, ಆ ಕೈ ಎಲ್ಲಿಗೆ ಹೋಗುತ್ತೆ?" ಎನ್ನುತ್ತ ಕ್ಯಾಮೆರಾ ಆನ್ ಮಾಡಿದಳು. ಇಷ್ಟು ದಿನ ಅದನ್ನು ತೆರೆಯಲು ಅವನಿಗೆ ಧೈರ್ಯವಾಗಿರಲಿಲ್ಲ; ಕೊನೆಯ ಫೋಟೋ ಹೇಗಿತ್ತೆಂಬುದೂ ಆ ದಿನದ ಗಾಬರಿಯಲ್ಲಿ ಮರೆತುಹೋಗಿತ್ತು.

ಕೊನೆಯ ಫೋಟೋದಲ್ಲಿ ಗೊಂಬೆ ತಲೆ ತಗ್ಗಿಸಿ ಕೂತಿತ್ತು. ಎರಡು ಕೈಗಳೂ ಮಡಿಲಿನಲ್ಲಿದ್ದವು.

"ಓ, ಆ ಕೈಯಾ?" ಎಂದರು ಓನರಮ್ಮ. "ಅವಳನ್ನ ಎತ್ಕೊಂಡು ಹೋಗೋ ಗಡಿಬಿಡೀಲಿ ಗೊಂಬೆ ಕೆಳಗೆ ಬಿದ್ದಿತ್ತು. ನಾನೇ ಎತ್ತಿಟ್ಟೆ. ಮುಂದಕ್ಕೆ ಮುಗ್ಗರಿಸ್ತಿತ್ತು, ಕೈ ಮೇಲೆ ಮಾಡ್ದೆ, ನೆಟ್ಟಗೆ ಕೂತ್ಕೊಂಡ್ತು." ಮತ್ತೊಮ್ಮೆ ನೋಡಿ ಮೆಚ್ಚಿಕೊಂಡರು. "ಪಾಪ, ಎಷ್ಟು ಜೋಪಾನ ಮಾಡಿದೀರಿ! ನಾನಿಟ್ಟ ಹಾಗೇ ಇದೆ."

ಇದ್ದ ಒಂದು ಗುರುತೂ ಹೋಗಿತ್ತು. ಗೊಂಬೆಯಣ್ಣ ಬೆರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದ. ಹಾಡುಗಾರ್ತಿ ಮೂಗು ಒರೆಸಿಕೊಂಡು, "ಹಾಗಾದ್ರೆ... ಶುರು ಮಾಡ್ಬಹುದಲ್ಲ ಅಣ್ಣ?" ಎಂದಳು.

ಅವನು ಎದ್ದ. ಗೊಂಬೆಯ ಕೈ ಇಳಿಸಿ ಮಡಿಲಿನಲ್ಲಿಟ್ಟು, ಫೋಟೋದಲ್ಲಿದ್ದ ಹಾಗೇ ಕೂರಿಸಿದ. ಕ್ಯಾಮೆರಾ ಹಿಂದೆ ಹೋಗಿ ಗುಂಡಿಯ ಮೇಲೆ ಬೆರಳಿಟ್ಟು ನಿಂತ. ನಿಂತೇ ಇದ್ದ.

"ಇನ್ನೇನು ಭಾವ? ದೀಪ ಇದೆ, ಬ್ಯಾಟರಿ ಇದೆ. ಯಾಕೆ ಕಾಯ್ತಿದೀರಿ?" ಎಂದ ಭಾವಮೈದ.

"ಸರಿಸೋದು ಅವಳು" ಎಂದ ಗೊಂಬೆಯಣ್ಣ.