ಮಸಿ ಬಳಿದ ಹದಿನಾರು ಅಂಕಿಗಳು

ಮನುಷ್ಯ ನಿವೃತ್ತನಾದರೂ ಅವನ ಕೈ ನಿವೃತ್ತವಾಗುವುದಿಲ್ಲ ಎಂಬುದನ್ನು ನಾನು ಸ್ವಂತ ಅನುಭವದಿಂದ ಕಂಡುಕೊಂಡಿದ್ದೇನೆ. ಹುಕ್ಕೇರಿಯ ಒಂದು ಕಚೇರಿಯ ಕಿಟಕಿಯ ಹಿಂದೆ ಮೂವತ್ತು ವರ್ಷ ಗುಮಾಸ್ತನಾಗಿ ಕುಳಿತು ಎದ್ದವನು ನಾನು. ಈಗ ಗೋಕಾಕದಲ್ಲಿ ಮನೆ ಮಾಡಿಕೊಂಡು ಪಿಂಚಣಿ ಉಣ್ಣುತ್ತಿದ್ದೇನೆ. ಕಚೇರಿಯವರು ಹಾರ ಹಾಕಿ ನನ್ನನ್ನು ಹೊರಗೆ ಕಳಿಸಿದರು. ನಾನು ಮಾತ್ರ ಕಚೇರಿಯನ್ನೇ ಮನೆಗೆ ಹೊತ್ತು ತಂದೆ. ಮದುವೆಯ ಕಾರ್ಡು ಬಂದರೂ ಒಂದು ಝೆರಾಕ್ಸ್ ತೆಗೆಸಿ ಫೈಲಿಗೆ ಹಾಕುತ್ತೇನೆ. ಗ್ಯಾಸಿನ ರಸೀದಿಗಳನ್ನು ದಾರದಲ್ಲಿ ಪೋಣಿಸಿ ಗೂಟಕ್ಕೆ ತೂಗುಹಾಕುತ್ತೇನೆ. ನನ್ನ ಹೆಂಡತಿ ಸುನಂದಾ ಕಿರಾಣಿ ಚೀಟಿಯಲ್ಲಿ ತೊಗರಿಬೇಳೆ ಎರಡು ಕಿಲೊ ಎಂದು ಬರೆದು, ಆಮೇಲೆ ಎರಡನ್ನು ಹೊಡೆದು ಒಂದು ಮಾಡಿದರೆ, ಪಕ್ಕದಲ್ಲಿ ಅವಳ ಚಿಕ್ಕ ಸಹಿ ಬೇಕಲ್ಲ ಎಂದು ನನ್ನ ಕೈ ತುರಿಸುತ್ತದೆ. ಒಮ್ಮೆ ಬಾಯಿಬಿಟ್ಟು ಕೇಳಿಯೂ ಬಿಟ್ಟೆ. ಅವತ್ತು ನಮ್ಮ ಮನೆಯಲ್ಲಿ ಸಾರು ಆಗಲಿಲ್ಲ.

ಈ ಚಿಕ್ಕ ಸಹಿಯ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನನ್ನ ಮಾನ ಹೋದದ್ದು ಅದರಿಂದಲೇ. ಕಾಗದದ ಮೇಲೆ ಏನನ್ನಾದರೂ ಹೊಡೆದು ಹಾಕಿದರೆ, ಹೊಡೆದದ್ದು ಏನು ಎಂಬುದನ್ನು ಪಕ್ಕದಲ್ಲಿ ಸ್ಪಷ್ಟವಾಗಿ ಬರೆದು, ಕೆಳಗೆ ಸಹಿ ಮಾಡಿ, ತಾರೀಖು ಹಾಕಬೇಕು. ಇಲ್ಲದಿದ್ದರೆ ಆ ಕಾಗದ ನಡೆಯುವುದಿಲ್ಲ. ಇದು ನಾನು ಕೆಲಸಕ್ಕೆ ಸೇರಿದ ದಿನ ನನ್ನ ಹಿರಿಯ ಗುಮಾಸ್ತರು ಕೊಟ್ಟ ಮಂತ್ರದೀಕ್ಷೆ. ದಡ್ಡಿ ಎಂಬ ಊರಿನ ಕಡೆಯ ರೈತರೊಬ್ಬರು ಅರ್ಜಿಯಲ್ಲಿ ಒಂದು ಅಂಕಿ ಹೊಡೆದು ಸಹಿ ಮಾಡಿರಲಿಲ್ಲವೆಂದು ಮೂರು ಸಲ ತಿರುಗಿ ಕಳಿಸಿದ್ದೆ. ಮೂರನೆಯ ಸಲ ಅವರು ಏನೂ ಅನ್ನದೆ ಸುಮ್ಮನೆ ನನ್ನ ಮುಖ ನೋಡಿ ಹೋದರು. ಬೈದಿದ್ದರೆ ಆಗಲೇ ಮರೆತುಬಿಡುತ್ತಿದ್ದೆ. ಆ ನೋಟ ಮಾತ್ರ ಇನ್ನೂ ಒಮ್ಮೊಮ್ಮೆ ಊಟದ ನಡುವೆ ನೆನಪಾಗುತ್ತದೆ.

ಇರಲಿ. ಸುನಂದಾ ಕೌದಿ ಹೊಲಿಯುತ್ತಾಳೆ. ಹಳೆಯ ಸೀರೆ, ಧೋತರಗಳ ತುಂಡು ಕೂಡಿಸಿ ಅವಳು ಹೊಲಿದ ಕೌದಿ ಹೊದ್ದವರು ಮತ್ತೊಂದು ಕೇಳಲು ಬಂದೇ ಬರುತ್ತಾರೆ. ಹಾಗೆ ಕೂಡಿದ ಹಣ ಅವಳ ಹೆಸರಿನ ಖಾತೆಯಲ್ಲಿದೆ, ಅದಕ್ಕೊಂದು ಕಾರ್ಡೂ ಇದೆ. ಅವಳಿಗೂ ಮೂಡಲಗಿಯಲ್ಲಿರುವ ಅವಳ ತಂಗಿ ಕಸ್ತೂರಿಗೂ ಒಂದೇ ಆಸೆ: ಸಾಯುವುದರೊಳಗೆ ಒಮ್ಮೆ ವಿಮಾನದಲ್ಲಿ ಕೂರಬೇಕು, ಕಿಟಕಿಯಿಂದ ನಮ್ಮ ಕಬ್ಬಿನ ಹೊಲಗಳು ಮೇಲಿನಿಂದ ಹೇಗೆ ಕಾಣುತ್ತವೆ ಎಂದು ನೋಡಬೇಕು. ಎಲ್ಲಿಗೆ ಹೋಗಬೇಕು ಎಂಬುದರ ಬಗ್ಗೆ ಇಬ್ಬರಿಗೂ ಅಷ್ಟು ಆಸಕ್ತಿ ಇರಲಿಲ್ಲ. ಬೆಳಗಾವಿಯಿಂದ ವಿಮಾನ ದಿಲ್ಲಿಗೆ ಹೋಗುತ್ತದೆ ಎಂದು ಯಾರೋ ಹೇಳಿದರು, ಹಾಗಾದರೆ ದಿಲ್ಲಿಗೇ ಆಗಲಿ ಎಂದು ಇವರಿಬ್ಬರೂ ಅಂದರು. ಒಂದು ಪ್ರವಾಸ ಕಂಪನಿಯ ಮೂಲಕ ಅಕ್ಕತಂಗಿಯರಿಗೂ ನನಗೂ ಸೇರಿ ಮೂರು ಟಿಕೆಟ್ ಆದವು. ಹಣ ಕಟ್ಟಿದ್ದು ಸುನಂದಾಳ ಕಾರ್ಡಿನಿಂದ. ಹೋಗುವ ದಿನ ಬೆಳಗಾವಿಯವರೆಗೂ ಹೋಗಿ, ಬುತ್ತಿ ಬಿಚ್ಚಿ ಉಂಡು, ಮಂಜಿನಿಂದಾಗಿ ವಿಮಾನ ರದ್ದಾಗಿದೆ ಎಂದು ಕೇಳಿ, ಅದೇ ಬುತ್ತಿಯ ಗಂಟು ಕಟ್ಟಿಕೊಂಡು ವಾಪಸು ಬಂದೆವು. ದಾರಿಯುದ್ದಕ್ಕೂ ಸುನಂದಾ ಬಸ್ಸಿನ ಕಿಟಕಿಯಿಂದ ಹೊಲ ನೋಡುತ್ತಿದ್ದಳು. ನನಗೆ ಸಂಕಟವಾಯಿತು. ಹಣ ವಾಪಸು ತರಿಸುವ ಜವಾಬ್ದಾರಿ ನನಗಿರಲಿ ಎಂದು ಎದೆ ತಟ್ಟಿ ಹೇಳಿದೆ.

ಕಂಪನಿಯವರು ಸಭ್ಯರು. ಹಣ ಕೊಡುತ್ತೇವೆ, ಅರ್ಜಿಯ ಜೊತೆ ಗುರುತಿನ ಪುರಾವೆ ಮತ್ತು ಹಣ ಕಟ್ಟಿದ ಕಾರ್ಡಿನ ಮುಂಭಾಗದ ಚಿತ್ರ ನಮ್ಮ ವೆಬ್‌ಸೈಟಿನಲ್ಲಿ ಹಾಕಿ ಎಂದು ತಿಳಿಸಿದರು. ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸೂಚನೆಯೂ ಇತ್ತು. ಕಾರ್ಡಿನ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣಲಿ, ಉಳಿದದ್ದನ್ನು ಮುಚ್ಚಿ. ಆಧಾರ್ ಸಂಖ್ಯೆಯನ್ನೂ ಹಾಗೆಯೇ ಮುಚ್ಚಿ. ಕಾರ್ಡಿನ ಹಿಂಭಾಗ ಕಳಿಸಬೇಡಿ. ಪಿನ್, ಓಟಿಪಿ ಯಾರಿಗೂ ಹೇಳಬೇಡಿ. ಇದನ್ನು ಓದಿ ನನಗೆ ನಗು ಬಂತು. ಕಡಿಮೆ ಕಾಗದ ಕೇಳುವ ಕಚೇರಿಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಇವತ್ತು ಕಡಿಮೆ ಕೇಳುತ್ತಾರೆ, ನಾಳೆ ಒಂದು ಕಮ್ಮಿ ಇದೆ ಎಂದು ತಿರುಗಿ ಕಳಿಸುತ್ತಾರೆ. ಕಳ್ಳನ ಹೆಜ್ಜೆ ಕಳ್ಳನೇ ಬಲ್ಲ ಎಂಬಂತೆ ನಾನು ಮೊದಲೇ ಎಚ್ಚರ ವಹಿಸಿದೆ.

ಬಸ್ ನಿಲ್ದಾಣದ ಹತ್ತಿರ ಅಣ್ಣಾಸಾಹೇಬರ ಝೆರಾಕ್ಸ್ ಅಂಗಡಿ ಇದೆ. ಕನ್ನಡದಲ್ಲಿ ಲೆಕ್ಕ ಮಾಡಿ ಮರಾಠಿಯಲ್ಲಿ ಚಿಲ್ಲರೆ ಕೊಡುವ ಸಂಭಾವಿತ ಮನುಷ್ಯ. ಅಲ್ಲಿ ಕುಳಿತು ಕಾರ್ಡಿನ ಮುಂಭಾಗ, ಕೇಳದಿದ್ದರೂ ಹಿಂಭಾಗ, ಆಧಾರ್, ಪಾಸ್‌ಬುಕ್ಕಿನ ಮೊದಲ ಪುಟ, ಇರಲಿ ಎಂದು ಹೊಲದ ಪಹಣಿಯ ಉತಾರ, ಎಲ್ಲದರ ಪ್ರತಿ ತೆಗೆಸಿದೆ. ಆಮೇಲೆ ಸೂಚನೆಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಕಾರ್ಡಿನ ಹದಿನಾರೂ ಅಂಕಿಗಳ ಮೇಲೆ ಕಪ್ಪು ಮಸಿ ಬಳಿದೆ. ಅಚ್ಚುಕಟ್ಟಾಗಿ, ಸೂರ್ಯನಿಗೆ ಹಿಡಿದರೂ ಕಾಣದಂತೆ ಬಳಿದೆ. ಬಳಿದು ಮುಗಿಸಿ ನೋಡಿದರೆ ನನ್ನೊಳಗಿನ ಗುಮಾಸ್ತ ಎದ್ದು ಕೂತ. ಹೊಡೆದು ಹಾಕಿದ ಕಾಗದ, ಪಕ್ಕದಲ್ಲಿ ಬರಹವಿಲ್ಲ, ಸಹಿಯಿಲ್ಲ. ಇದನ್ನು ಯಾರು ಒಪ್ಪುತ್ತಾರೆ? ಪೆನ್ನು ತೆಗೆದು ಅಂಚಿನಲ್ಲಿ ನನ್ನ ಹೆಸರಾಂತ ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದೆ: ‘ಮೇಲೆ ಮಸಿ ಬಳಿದಿರುವ ಸಂಖ್ಯೆಯು ಈ ಕೆಳಗಿನಂತಿದೆ.’ ಕೆಳಗೆ ಹದಿನಾರು ಅಂಕಿಗಳನ್ನೂ ಬಿಡಿಬಿಡಿಯಾಗಿ ಬರೆದೆ. ಹಿಂಭಾಗದ ಮೂರು ಅಂಕಿಗಳಿಗೂ ಅನ್ಯಾಯವಾಗಬಾರದೆಂದು ಅವುಗಳನ್ನೂ ಸೇರಿಸಿದೆ. ಸಹಿ, ತಾರೀಖು. ನೋಡಿ ನನಗೇ ಹೆಮ್ಮೆಯಾಯಿತು.

ಅದರ ಮೇಲಿಂದ ಮೂರು ಪ್ರತಿ ತೆಗೆಸಿದೆ. ಒಂದು ಓರೆಯಾಗಿ ಬಂತು. ಅಣ್ಣಾಸಾಹೇಬರು ಅದನ್ನು ರದ್ದಿ ಡಬ್ಬಿಗೆ ಎಸೆದು ಬೇರೆ ತೆಗೆದುಕೊಟ್ಟರು. ನೆಟ್ ಇರಲಿಲ್ಲವಾದ್ದರಿಂದ ನಾಳೆ ಮುಂಜಾನೆ ಕಳಿಸೋಣ ಎಂದರು. ಕಾಗದಗಳನ್ನು ಅಲ್ಲೇ ಬಿಟ್ಟು ನಾನು ಖುಷಿಯಲ್ಲಿ ಪೇಟೆಯಲ್ಲಿ ಒಂದು ತಾಸು ಅಡ್ಡಾಡಿ, ಸಂಜೆ ತಿರುಗಿ ಬರುವಾಗ ಅವರ ಅಂಗಡಿಯ ಬಾಜೂಕ್ಕೆ ಮಿರ್ಚಿ ಭಜಿ ಕರಿಯುವ ಮಲ್ಲವ್ವನ ಹತ್ತಿರ ನಾಲ್ಕು ಭಜಿ ಕಟ್ಟಿಸಿಕೊಂಡು ಮನೆಗೆ ಬಂದೆ.

ಸುನಂದಾ ಪೊಟ್ಟಣ ಬಿಚ್ಚಿದಳು. ಒಂದು ಭಜಿ ಕೈಗೆತ್ತಿಕೊಂಡವಳು ತಿನ್ನದೆ ಹಾಗೇ ಹಿಡಿದುಕೊಂಡು ಕಾಗದವನ್ನು ನೋಡತೊಡಗಿದಳು. ಬಹಳ ಹೊತ್ತು ನೋಡಿದಳು. ಖಾರ ಜಾಸ್ತಿಯಾಗಿದೆಯೇ ಎಂದು ಕೇಳಿದೆ.

“ರೀ, ಈ ಅಕ್ಷರ ನಿಮ್ಮದಲ್ಲೇನ್ರಿ?” ಎಂದಳು.

ಎಣ್ಣೆಯಲ್ಲಿ ನೆಂದ ಅರ್ಧ ಹಾಳೆ. ಎಣ್ಣೆ ತಾಗಿದ್ದರಿಂದ ನನ್ನ ಅಕ್ಷರ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಅವಳು ಅದನ್ನು ಸಾವಕಾಶವಾಗಿ ಓದಿದಳು, ಹದಿನಾರು ಅಂಕಿಗಳನ್ನೂ ಓದಿದಳು. ಅಣ್ಣಾಸಾಹೇಬರ ರದ್ದಿಯೆಲ್ಲ ಮಲ್ಲವ್ವನ ಭಜಿಗೆ ಹೋಗುತ್ತದೆ ಎಂಬುದು ಗೋಕಾಕದ ಸಣ್ಣ ಮಕ್ಕಳಿಗೂ ಗೊತ್ತು. ಎಷ್ಟೋ ಸಲ ನಾನೇ ಭಜಿ ತಿನ್ನುತ್ತ ಯಾರದೋ ಅಂಕಪಟ್ಟಿ ಓದಿ, ಗಣಿತದಲ್ಲಿ ಇಷ್ಟು ಕಡಿಮೆಯೇ ಎಂದು ನಕ್ಕಿದ್ದೇನೆ. ಇನ್ನರ್ಧ ಹಾಳೆ ಎಲ್ಲಿ ಎಂದು ಸುನಂದಾ ಕೇಳಿದಳು. ಅದರಲ್ಲೇ ಆ ಹಿಂಭಾಗದ ಮೂರು ಅಂಕಿಗಳಿದ್ದವು. ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ, ಕೂಗಾಡಲಿಲ್ಲ. ಕೈ ತೊಳೆದುಕೊಂಡು ಬಂದಳು, ಪಾಸ್‌ಬುಕ್ಕಿನ ಮೇಲೆ ಅಚ್ಚಾದ ಬ್ಯಾಂಕಿನ ಸಂಖ್ಯೆಗೆ ಫೋನ್ ಹಚ್ಚಿದಳು, ಕಾರ್ಡು ಬಂದ್ ಮಾಡಿಸಿದಳು. ಮಹಿಳಾ ಸಂಘಕ್ಕೆ ಬಂದಿದ್ದ ಬ್ಯಾಂಕಿನ ಮೇಡಂ ಹೀಗೆ ಮಾಡಬೇಕೆಂದು ಹೇಳಿಕೊಟ್ಟಿದ್ದರಂತೆ. ಖಾತೆಯಲ್ಲಿ ಹಣ ಇನ್ನೂ ಇತ್ತು.

ಓಡಿದೆ ಮಲ್ಲವ್ವನ ಕಡೆಗೆ. ಇನ್ನರ್ಧ ಹಾಳೆಯಲ್ಲಿ ಘೋಡಗೇರಿಯ ಕಡೆಯವರೊಬ್ಬರಿಗೆ ಆರು ಭಜಿ ಕಟ್ಟಿಕೊಟ್ಟಳಂತೆ, ಅವರು ಬೈಕು ಹತ್ತಿ ಹೋದರಂತೆ. ಅಣ್ಣಾಸಾಹೇಬರು ತಾವೇ ತಪ್ಪು ಮಾಡಿದವರಂತೆ ತಲೆ ಕೆರೆದುಕೊಂಡು ಉಳಿದ ಪ್ರತಿಗಳನ್ನೆಲ್ಲ ನನ್ನ ಕೈಗೆ ಕೊಟ್ಟರು. ಅವುಗಳನ್ನು ಸಣ್ಣಗೆ ಹರಿದು ಮನೆಯ ನೀರೊಲೆಗೆ ಹಾಕಿದೆ. ನನ್ನ ಅಕ್ಷರ ಸುಡುವುದನ್ನು ನೋಡಿ ಮರುಗುವ ಸ್ಥಿತಿಯಲ್ಲೂ ನಾನಿರಲಿಲ್ಲ.

ತಿರುಗಿ ಒಳಗೆ ಬಂದಾಗ ಸುನಂದಾ ಹೇಳಿದ ಮಾತು ಇಷ್ಟೇ: “ರೊಕ್ಕ ಹೋಗಿದ್ರ ಇನ್ನೊಂದಿಷ್ಟು ಕೌದಿ ಹೊಲೀತಿದ್ದೆ ಬಿಡ್ರಿ. ಖರೆ, ಅವ್ರು ಕೇಳಿದ್ದು ನಾಕ ಅಂಕಿ. ನಂದ್ಯಾಕ ಎಲ್ಲಾ ಕೊಟ್ರಿ? ನನ್ನ ಒಂದ ಮಾತ ಕೇಳಬಾರ್ದಿತ್ತೇನು?” ನನ್ನ ಮೂವತ್ತು ವರ್ಷದ ಸೇವೆಯಲ್ಲಿ ಯಾವ ಸಾಹೇಬನ ಮೆಮೋಗೂ ನಾನು ಇಷ್ಟು ನಾಚಿದ್ದಿಲ್ಲ.

ಮರುದಿನ ಆ ಅರ್ಜಿಯನ್ನು ಅವಳೇ ಹಾಕಿದಳು. ಬಂದ್ ಆಗಿದ್ದರೂ ಹಣ ಕಟ್ಟಿದ್ದು ಅದರಿಂದಲೇ ಆದ್ದರಿಂದ ಆ ಕಾರ್ಡನ್ನೇ ನೆಲದ ಮೇಲೆ ಅಂಗಾತ ಇಟ್ಟು, ಕೌದಿಗೆಂದು ಕತ್ತರಿಸಿದ್ದ ಹಸಿರು ಸೀರೆಯ ಒಂದು ತುಂಡನ್ನು ಅದರ ಮೇಲೆ ಹೊದಿಸಿದಳು. ಹೆಸರೂ ಕೊನೆಯ ನಾಲ್ಕು ಅಂಕಿಗಳೂ ಮಾತ್ರ ಹೊರಗೆ ಇಣುಕುತ್ತಿದ್ದವು. ಮೊಬೈಲಿನಲ್ಲಿ ಒಂದು ಚಿತ್ರ. ಆಧಾರ್ ಕಾರ್ಡಿಗೂ ಹಾಗೆಯೇ ಹೊದಿಕೆ, ಇನ್ನೊಂದು ಚಿತ್ರ. ವೆಬ್‌ಸೈಟಿನ ವಿಳಾಸವನ್ನು ಟಿಕೆಟ್ಟಿನ ಮೇಲಿದ್ದುದರ ಜೊತೆ ಎರಡು ಸಲ ತಾಳೆ ನೋಡಿ ಕಳಿಸಿದಳು. ದಾಖಲೆಯ ಮೇಲೆ ಸೀರೆಯ ತುಂಡು ಹೊದಿಸಿದ್ದನ್ನು ಯಾವ ಕಚೇರಿಯೂ ಒಪ್ಪುವುದಿಲ್ಲ ಎಂದು ನಾನು ಗೊಣಗಿದೆ. ಹನ್ನೊಂದನೆಯ ದಿನ ಮೂರೂ ಟಿಕೆಟ್ಟಿನ ಹಣ ಅವಳ ಖಾತೆಗೆ ಬಂತು.

ಅಂದಿನಿಂದ ನಾನು ಹೊಸದಾಗಿ ಮತಾಂತರಗೊಂಡವನಂತಾಗಿದ್ದೇನೆ. ಸಿಕ್ಕಸಿಕ್ಕವರನ್ನು ನಿಲ್ಲಿಸಿ, ಕೇಳಿದ್ದಕ್ಕಿಂತ ಒಂದು ಅಕ್ಷರವನ್ನೂ ಹೆಚ್ಚು ಕೊಡಬೇಡಿ, ವೈಯಕ್ತಿಕ ವಿವರ ಎಂದರೆ ಮನೆಯೊಳಗಿನ ಬಂಗಾರ ಎಂದು ಉಪದೇಶ ಮಾಡುತ್ತೇನೆ. ಕೌಜಲಗಿಯಿಂದ ಬಂದ ನೆಂಟರು ಕುಶಲಕ್ಕೆಂದು ನನ್ನ ವಯಸ್ಸು ಕೇಳಿದರೂ, ಅದು ಯಾವ ಕೆಲಸಕ್ಕೆ ಬೇಕು ಎಂದು ಮರುಪ್ರಶ್ನೆ ಹಾಕಿದೆ. ಅವರು ಚಹಾ ಕುಡಿಯದೆ ಎದ್ದರು. ಮನೆಯಲ್ಲಂತೂ ಬೆಳಗಿನ ನಾಷ್ಟಾದಿಂದ ರಾತ್ರಿಯ ಊಟದವರೆಗೆ ಇದೇ ಪಾಠ. ಸುನಂದಾ ಸೂಜಿಗೆ ದಾರ ಪೋಣಿಸುತ್ತ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡಳು.

ಹೋದ ವಾರ ಹೊಸ ಕಾರ್ಡು ಬಂತು. ಅಕ್ಕತಂಗಿಯರು ಫೋನಿನಲ್ಲಿ ಏನೋ ಗುಸುಗುಸು ಮಾತಾಡಿ ದಿಲ್ಲಿಗೆ ಮತ್ತೆ ಟಿಕೆಟ್ ಮಾಡಿಸಿದರು. ನಾನು ಉತ್ಸಾಹದಿಂದ ಚೀಲ ಕೆಳಗಿಳಿಸಿ, ನನಗೆ ಕಿಟಕಿಯ ಪಕ್ಕ ಬೇಡ, ಅದನ್ನು ನೀವೇ ಇಟ್ಟುಕೊಳ್ಳಿ ಎಂದು ದೊಡ್ಡ ಮನಸ್ಸು ಮಾಡಿ ಹೇಳಿದೆ. ಟಿಕೆಟ್ ಎರಡೇ ಆಗಿವೆ ಎಂದಳು ಸುನಂದಾ. ನನ್ನದು?

“ಅದಕ್ಕ ನಿಮ್ಮ ಪೂರ್ತಿ ಹೆಸರು, ವಯಸ್ಸು, ಫೋನ್ ನಂಬರ್ ಎಲ್ಲಾ ಕೇಳಾಕತ್ತಿದ್ರು ರೀ” ಎಂದಳು, ದಾರವನ್ನು ಹಲ್ಲಿನಿಂದ ಕಡಿಯುತ್ತ. “ಗುರ್ತಿಲ್ಲದವ್ರಿಗೆ ಹೆಂಗ ಕೊಡೂದು ಅಂತ ಬಿಟ್ಟೆ.”

ಇವತ್ತು ಮುಂಜಾನೆ ಅವರಿಬ್ಬರನ್ನು ಬೆಳಗಾವಿ ಬಸ್ಸಿಗೆ ಹತ್ತಿಸಿ ಬಂದು ಇದನ್ನು ಬರೆಯುತ್ತಿದ್ದೇನೆ. ಆಕಾಶ ಸ್ವಚ್ಛವಾಗಿದೆ, ಮಂಜಿನ ಸುಳಿವಿಲ್ಲ. ಈ ಹೊತ್ತಿಗೆ ಸುನಂದಾ ಕಿಟಕಿಯಿಂದ ಹೊಲಗಳನ್ನು ನೋಡುತ್ತಿರಬೇಕು. ನನ್ನ ಹೆಸರು, ವಯಸ್ಸು, ಫೋನ್ ನಂಬರ್ ಎಲ್ಲವೂ ಗೋಕಾಕದ ಈ ಮನೆಯಲ್ಲಿ ಸುರಕ್ಷಿತವಾಗಿವೆ. ಅವುಗಳ ಜೊತೆಗೆ ನಾನೂ ಇದ್ದೇನೆ, ನಿನ್ನೆಯ ಸಾರು ಬಿಸಿ ಮಾಡಿಕೊಂಡು.